ಕೊನೆಯ ಹದಿನಾಲ್ಕು ಪುಟ ನನ್ನದಲ್ಲ

ಬೆಂಗಳೂರಿನ ಕಾದಂಬರಿ ಪ್ರಕಾಶನ ಸಂಸ್ಥೆಯೊಂದರ ಮಾಲೀಕರಿಗೆ,

ಮಾನ್ಯರೇ,

ಕ್ಷೇಮ ಸಮಾಚಾರ ಆಮೇಲೆ. ಹೋದ ದೀಪಾವಳಿಗೆ ನೀವು ಅಚ್ಚು ಹಾಕಿದ ನನ್ನ ಕಾದಂಬರಿಯಲ್ಲಿ ನೂರಾ ತೊಂಬತ್ತೆರಡು ಪುಟಗಳಿವೆ. ಅದರಲ್ಲಿ ಕೊನೆಯ ಹದಿನಾಲ್ಕು ನಾನು ಬರೆದದ್ದಲ್ಲ, ನಿಮ್ಮ ಆಫೀಸಿನಲ್ಲಿ ಯಾರೋ ಬರೆದದ್ದು. ಆ ಹದಿನಾಲ್ಕು ಪುಟಗಳನ್ನು ಸಾಕ್ಷಿಯೆಂದು ಮುಂದಿಟ್ಟುಕೊಂಡು ಅಥಣಿ ತಾಲೂಕಿನ ಜುಗೂಳದಲ್ಲಿ ಪಂಚರು ಒಬ್ಬ ಹೆಂಗಸಿಗೆ ಗಡುವು ಕೊಟ್ಟಿದ್ದಾರೆ. ಯುಗಾದಿಯ ಮರುದಿನದೊಳಗೆ ಅವಳು ಗಂಡನ ಮನೆಗೆ ಹೋಗಬೇಕು, ಇಲ್ಲವೇ ನಾಲ್ಕು ವರ್ಷದ ಮಗಳನ್ನು ಅಲ್ಲಿಗೆ ಬಿಟ್ಟು ಬರಬೇಕು. ಯುಗಾದಿಗೆ ಇನ್ನು ಹತ್ತೊಂಬತ್ತು ದಿನ. ಈ ವಿಷಯವಾಗಿ ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಸೇರಿ ಒಂದೇ ಉತ್ತರ ಬಂತು: ಕಾದಂಬರಿಗೆ ಒಳ್ಳೆಯ ಬೇಡಿಕೆಯಿದೆ, ಎರಡನೆಯ ಮುದ್ರಣಕ್ಕೆ ಹೋಗುತ್ತಿದ್ದೇವೆ, ಮುಂದಿನ ಭಾಗವನ್ನು ಬೇಗ ಕಳುಹಿಸಿ. ಹೀಗಾಗಿ ಈ ನಾಲ್ಕನೆಯ ಪತ್ರವನ್ನು ಟಪಾಲು ಡಬ್ಬಿಗೆ ಹಾಕದೆ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಊರೆಲ್ಲ ಓದಿದ ಮೇಲಾದರೂ ನೀವು ಓದುತ್ತೀರೆಂಬ ಆಸೆ.

ನಾನು ಯಾರೆಂಬುದು ನಿಮಗೆ ಮರೆತಿರಬಹುದು. ನಿಪ್ಪಾಣಿಯ ಒಂದು ಬೀಡಿ ಬ್ರಾಂಚಿನಲ್ಲಿ ಕಾರಕೂನ, ನಿಮ್ಮ ಕಡೆಯ ಮಾತಿನಲ್ಲಿ ಗುಮಾಸ್ತ. ಕನ್ನಡ ಮಾಧ್ಯಮದ ಬಿ.ಎ., ವಯಸ್ಸು ನಲವತ್ತೈದು. ಹಗಲು ಬೀಡಿಯ ಕಟ್ಟು ಪರೀಕ್ಷಿಸುವುದು, ಸಂಜೆ ಕಾಗದ ಕೆಡಿಸುವುದು. ಪ್ರಾಸದ ಹುಚ್ಚು ಮೊದಲಿನಿಂದ. ಹೆಂಡತಿ ಉಪ್ಪು ಕೇಳಿದರೆ ತುಪ್ಪ ಸಿಗುವವರೆಗೆ ನಾನು ಸುಮ್ಮನಿರುವವನಲ್ಲ. ಎರಡು ವರ್ಷದ ಹಿಂದೆ ಹಸ್ತಪ್ರತಿ ಕಳುಹಿಸಿದಾಗ ನೀವು ಬರೆದ ಉತ್ತರ ಈಗಲೂ ನನ್ನ ಬಳಿ ಇದೆ. ಏನೇನು ಬೇಕೆಂದು ಅದರಲ್ಲಿ ಬಹಳ ಸ್ಪಷ್ಟವಾಗಿ ಹೇಳಿದ್ದಿರಿ. ಹದಿನಾರು ಪುಟಕ್ಕೊಂದರಂತೆ ಹನ್ನೆರಡು ಫಾರಂ, ಒಂದು ಪುಟ ಹೆಚ್ಚಿಲ್ಲ, ಒಂದು ಪುಟ ಕಡಿಮೆಯಿಲ್ಲ. ಬೀಡಿ ಬೇಡ, ಅದರ ವಾಸನೆ ನಮ್ಮ ಓದುಗರಿಗೆ ಆಗುವುದಿಲ್ಲ. ನಾಯಕಿ ಪದವೀಧರೆಯಾಗಲಿ, ಸಾಧ್ಯವಾದರೆ ಸಂಗೀತ ಬರಲಿ. ಊರು ಮೈಸೂರಾಗಲಿ. ನಾಯಕ ಕೈಯೆತ್ತಬಾರದು, ಓದುಗರಿಗೆ ಅವನು ಹಿಡಿಸಬೇಕು. ಕಡೆಗೆ ಇಬ್ಬರೂ ಒಂದಾಗಬೇಕು, ಏಕೆಂದರೆ ಓದುಗರು ಪುಸ್ತಕ ಮುಚ್ಚಿದಾಗ ಮನಸ್ಸಿಗೆ ನೆಮ್ಮದಿ ಇರಬೇಕು. ದಯವಿಟ್ಟು ಪ್ರಾಸ ಕಡಿಮೆ ಮಾಡಿ.

‘ನಮ್ಮ ಓದುಗರು’ ಎಂಬ ಮಾತು ಆ ಒಂದೇ ಪತ್ರದಲ್ಲಿ ಏಳು ಸಲ ಬಂದಿದೆ. ಅವರನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಬ್ರಾಂಚಿನ ಹಿಂದೆ ತಗಡಿನ ಶೆಡ್ಡಿದೆ. ಹನ್ನೆರಡು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ಬೀಡಿ ಕಟ್ಟುತ್ತಾರೆ. ಅಲ್ಲ, ಹನ್ನೊಂದು ಮಂದಿ ಕಟ್ಟುತ್ತಾರೆ, ಒಬ್ಬಳು ಓದುತ್ತಾಳೆ. ಓದುವವಳು ಅಕ್ಕುತಾಯಿ, ಐವತ್ತು ದಾಟಿದ ವಿಧವೆ, ಏಳನೆಯ ಇಯತ್ತೆ ಪಾಸು. ಬಸ್ ಸ್ಟ್ಯಾಂಡ್ ಬಳಿಯ ಬಾಡಿಗೆ ಲೈಬ್ರರಿಯಿಂದ ಪುಸ್ತಕ ತಂದು ಮಧ್ಯಾಹ್ನವೆಲ್ಲ ಗಟ್ಟಿಯಾಗಿ ಓದುತ್ತಾಳೆ. ಅವಳ ಪಾಲಿನ ಬೀಡಿಯನ್ನು ಉಳಿದವರು ತಮ್ಮ ತಮ್ಮ ಮೊರದಿಂದ ಒಂದೊಂದು ಹಿಡಿ ಹಾಕಿ ತುಂಬಿಕೊಡುತ್ತಾರೆ. ಒಂದು ದಿನ ಕೊಲ್ಲಾಪುರದ ಮರಾಠಿ ಪುಸ್ತಕವಾದರೆ ಇನ್ನೊಂದು ದಿನ ಕನ್ನಡದ್ದು. ಕೊಲ್ಲಾಪುರದ್ದು ಬೆಳಗಿನ ಬಸ್ಸಿಗೆ ಬರುತ್ತದೆ, ನಿಮ್ಮದು ಮೂರು ತಿಂಗಳ ಮೇಲೆ ಬರುತ್ತದೆ; ಆದರೂ ಕಾಯುತ್ತಾರೆ. ನಿಮ್ಮ ದಫ್ತರದಲ್ಲಿ ಒಂದು ಪ್ರತಿಗೆ ಒಬ್ಬ ಓದುಗ. ಇಲ್ಲಿ ಒಂದು ಪ್ರತಿಗೆ ಹನ್ನೆರಡು ಜೋಡಿ ಕಿವಿ. ಅವರಲ್ಲಿ ಒಬ್ಬರಿಗೂ ಬೀಡಿಯ ವಾಸನೆ ಆಗುವುದಿಲ್ಲ ಎಂದು ನಾನು ಕೇಳಿಲ್ಲ.

ಆ ಹನ್ನೆರಡರಲ್ಲಿ ಒಬ್ಬಳು ಸತ್ತೆವ್ವ. ಕೃಷ್ಣೆಯ ದಂಡೆಯ ಜುಗೂಳಕ್ಕೆ ಮದುವೆಯಾಗಿ ಹೋದವಳು, ಗಂಡ ಭೀಮಸಿಗೆ ಸ್ವಲ್ಪ ಹೊಲ, ಮೂವತ್ತು ಕುರಿ. ಐದನೆಯ ವರ್ಷ ಅವನು ಕೊಡಲಿಯ ಕಾವಿನಿಂದ ಹೊಡೆದಾಗ ಎಡಗೈ ಅಡ್ಡ ಹಿಡಿದಳು. ಎರಡು ಬೆರಳು ಸೆಟೆದು ನಿಂತವು, ಇಂದಿಗೂ ಮಡಚುವುದಿಲ್ಲ. ಒಂದು ವರ್ಷದ ಮಗಳನ್ನು ಕಟ್ಟಿಕೊಂಡು ನಿಪ್ಪಾಣಿಯ ಚಿಕ್ಕಮ್ಮನ ಮನೆಗೆ ಬಂದಳು. ಬೀಡಿ ಕಟ್ಟಲು ಹತ್ತು ಬೆರಳೂ ಬೇಕು. ಅವಳು ಎಂಟರಲ್ಲಿ ಕಲಿತಳು. ಮೊದಮೊದಲು ಅವಳ ಕಟ್ಟನ್ನು ಸಡಿಲವೆಂದು ವಾಪಸು ಎಸೆದವನು ನಾನೇ. ಯಾಕೆ ಸಡಿಲವೆಂದು ಅಕ್ಕುತಾಯಿ ಹೇಳಿದ ದಿನದಿಂದ ಎಸೆಯುವುದನ್ನು ಬಿಟ್ಟೆ. ಸತ್ತೆವ್ವನ ಕಥೆ ಬರೆಯಬೇಕೆನ್ನಿಸಿತು, ಹೋಗಿ ಕೇಳಿದೆ. ಅವಳು ಕೈ ನಿಲ್ಲಿಸದೆ ಹೇಳಿದಳು:

“ಬರೀರಿ ಅಣ್ಣಾರ, ಬ್ಯಾಡ ಅನ್ನೂದಿಲ್ಲ. ಆದ್ರ ಕಡೀಕ ನನ್ನ ಹೊಳ್ಳಿ ಜುಗೂಳಕ್ಕ ಕಳಸಬ್ಯಾಡ್ರಿ. ಎಲ್ಲಾರೂ ಕಳಸಾಕ ನಿಂತಾರ, ನೀವೂ ಒಬ್ರು ಆಗಬ್ಯಾಡ್ರಿ.”

ಕಳುಹಿಸುವುದಿಲ್ಲವೆಂದು ಮಾತು ಕೊಟ್ಟೆ.

ಇಲ್ಲಿಯವರೆಗೆ ನಾನು ಸಜ್ಜನ. ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಬರೀ ನಿಮ್ಮನ್ನೇ ಬೈದು ಪತ್ರ ಮುಗಿಸಿದರೆ ನಾನೂ ನಿಮ್ಮಂತೆಯೇ ಸುಖಾಂತ್ಯ ಬರೆದಂತಾಗುತ್ತದೆ. ನೀವು ಕೇಳಿದ್ದನ್ನು ನಾನು ಒಂದೊಂದಾಗಿ ಕೊಟ್ಟೆ, ಮಾನ್ಯರೇ. ನಿಪ್ಪಾಣಿಯನ್ನು ಮೈಸೂರು ಮಾಡಿದೆ. ಸತ್ತೆವ್ವ ಮೃಣಾಲಿನಿಯಾದಳು. ಮೊರದ ಜಾಗದಲ್ಲಿ ಪಿಯಾನೊ ಇಟ್ಟೆ. ಆ ವಾದ್ಯವನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವನಲ್ಲ. ಸೆಟೆದ ಬೆರಳನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಆದರೆ ನಾಯಕ ಕೈಯೆತ್ತಬಾರದಲ್ಲ? ಅದಕ್ಕೆ ಆ ಬೆರಳು ಕಾರಿನ ಬಾಗಿಲಿಗೆ ಸಿಕ್ಕಿದ್ದೆಂದು ಬರೆದೆ. ಬರೆದವನು ನಾನೇ, ನಿಮ್ಮ ಆಫೀಸಿನವರಲ್ಲ. ಕೊನೆಯನ್ನು ಮಾತ್ರ ಬದಲಿಸಲಿಲ್ಲ. ಆಗ ನೀವು, ಕೊನೆಯ ಭಾಗವನ್ನು ನಾವೇ ಸ್ವಲ್ಪ ತಿದ್ದಿಕೊಳ್ಳುತ್ತೇವೆ, ಮುಖಪುಟಕ್ಕೆ ನಿಮ್ಮದೊಂದು ಫೋಟೋ ಕಳುಹಿಸಿ ಎಂದು ಬರೆದಿರಿ. ನಲವತ್ಮೂರು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಫೋಟೋ ಕೇಳಿದ್ದರು. ಫೋಟೋದ ಜೊತೆ ಒಂದು ಕಾರ್ಡು ಇಟ್ಟೆ. ಅದರಲ್ಲಿ ಎರಡೇ ಪದ: ‘ತಮ್ಮ ಚಿತ್ತ.’ ತಿದ್ದುವುದೆಂದರೆ ಅಲ್ಪವಿರಾಮ, ಪೂರ್ಣವಿರಾಮ ಎಂದುಕೊಂಡಿದ್ದೆ ಎಂದು ಈಗ ಹೇಳಿಕೊಳ್ಳುತ್ತೇನೆ. ಆಗಲೂ ಹಾಗೆಯೇ ಅಂದುಕೊಂಡಿದ್ದೆನೇ? ಗೊತ್ತಿಲ್ಲ.

ಪುಸ್ತಕ ಬಂತು. ಅಕ್ಕುತಾಯಿ ಓದತೊಡಗಿದಳು. ಪಿಯಾನೊ ಬಂದಾಗ ಶೆಡ್ಡೆಲ್ಲ ನಕ್ಕಿತು. ಎರಡು ಬೆರಳು ಸೆಟೆದವಳು ಅದನ್ನು ಹೇಗೆ ಬಾರಿಸುತ್ತಾಳೆಂದು ಒಬ್ಬಳು ಕೇಳಿದಳು. ನಿಮ್ಮ ಸಂಸ್ಥೆಯ ಪರಿಷ್ಕರಣೆಯ ವಿದ್ವಾಂಸರಿಗೆ ಹೊಳೆಯದ ಪ್ರಶ್ನೆ. ಬೆರಳಿನ ಗುರುತು ಸಿಕ್ಕ ಮೇಲೆ ಯಾರೂ ನಗಲಿಲ್ಲ. ಇದು ಯಾರ ಕಥೆಯೆಂದು ಎಲ್ಲರಿಗೂ ತಿಳಿಯಿತು, ಸತ್ತೆವ್ವನಿಗೂ. ಅಂದಿನಿಂದ ಅಕ್ಕುತಾಯಿ ಒಂದು ಕೆಲಸ ಮಾಡಿದಳು: ಓದುತ್ತ ಓದುತ್ತಲೇ ಮೈಸೂರನ್ನು ನಿಪ್ಪಾಣಿ ಮಾಡಿದಳು, ಬಂಗಲೆಯನ್ನು ಶೆಡ್ಡು ಮಾಡಿದಳು, ಕಾರಿನ ಬಾಗಿಲನ್ನು ಕೊಡಲಿಯ ಕಾವು ಮಾಡಿದಳು. ಕೊನೆಯ ಅಧ್ಯಾಯಕ್ಕೆ ಬಂದು, ಮನಸ್ಸಿನಲ್ಲೇ ಓದಿಕೊಂಡು, ಪುಸ್ತಕ ಮುಚ್ಚಿ, ಮುಂದಿನ ಹಾಳೆ ಯಾರೋ ಹರಿದುಕೊಂಡಿದ್ದಾರೆ ಅಂದಳು. ಆಮೇಲೆ ನನ್ನ ಮೇಜಿಗೆ ಬಂದು ಆ ಹಾಳೆಗಳನ್ನು ತೆರೆದಿಟ್ಟಳು. ಮೃಣಾಲಿನಿ ಗಂಡನ ಪಾದಕ್ಕೆ ಕಣ್ಣೀರಿಟ್ಟು, ತಪ್ಪು ತನ್ನದೇ ಎಂದು ಒಪ್ಪಿ, ಮಗಳನ್ನು ಅವನ ತೊಡೆಯ ಮೇಲೆ ಕೂಡಿಸುತ್ತಿದ್ದಳು.

“ಇದನ್ನ ಆಕೀ ಮುಂದ ನಾ ಓದೂದಿಲ್ರಿ ಕಾರಕೂನರ,” ಅಂದಳು ಅಕ್ಕುತಾಯಿ. “ನೀವ ಬರದೀರಿ, ನೀವ ಓದ್ರಿ.”

ನಾನು ಓದಲಿಲ್ಲ. ಜುಗೂಳದಲ್ಲಿ ಓದಿದರು.

ಭೀಮಸಿಯ ದೊಡ್ಡಪ್ಪ ತಾತ್ಯಾಸಾಹೇಬರು ಆ ಊರಿನಲ್ಲಿ ಮಾತು ನಡೆಯುವ ಹಿರಿಯರು. ಸೊಸೆಯ ಕಥೆ ಅಚ್ಚಾಗಿದೆಯೆಂಬ ಸುದ್ದಿ ಕೇಳಿ ಅಥಣಿಯಿಂದ ಒಂದು ಪ್ರತಿ ತರಿಸಿದರು. ಭೀಮಸಿ ಹೆಂಡತಿಯನ್ನೂ ಮಗಳನ್ನೂ ಕಳುಹಿಸಿಕೊಡಬೇಕೆಂದು ಪಂಚಾಯಿತಿ ಕೂಡಿಸಿದಾಗ ಸತ್ತೆವ್ವನ ಜೊತೆಗೆ ನಾನೂ ಹೋದೆ, ಕಲಿತವನೊಬ್ಬ ಇರಲೆಂದು. ಆಕೆ ಬೆರಳು ತೋರಿಸಿ ನಡೆದದ್ದನ್ನು ಹೇಳಿದಳು. ನಾನೂ ಎದ್ದು, ಆ ಬೆರಳು ಹಾಗಾದದ್ದು ಹೊಡೆತದಿಂದಲೇ, ಕಣ್ಣಾರೆ ನೋಡಿ ಪುಸ್ತಕದಲ್ಲೂ ಬರೆದಿದ್ದೇನೆ ಎಂದು ಒಂದು ಮಾತು ಹೆಚ್ಚಿಗೇ ಹೇಳಿದೆ. ತಾತ್ಯಾಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು, ಪಕ್ಕದಲ್ಲಿಟ್ಟುಕೊಂಡಿದ್ದ ಪುಸ್ತಕ ಎತ್ತಿದರು. ಮೊದಲು ಕಾರಿನ ಬಾಗಿಲು ಓದಿಸಿದರು. ಆಮೇಲೆ ಕೊನೆಯ ಹಾಳೆ ಓದಿಸಿದರು. ಆಮೇಲೆ ಮುಖಪುಟ ತಿರುಗಿಸಿ ನನ್ನ ಫೋಟೋವನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ನಾನು, ಕೊನೆಯದು ನನ್ನದಲ್ಲ, ಪ್ರಕಾಶಕರು ಬರೆಸಿದ್ದು ಅಂದೆ. ಬಾಗಿಲಿನದು? ಎಂದು ಅವರು ಕೇಳಿದರು. ಅದು ನನ್ನದೇ, ಆದರೆ ಕಲ್ಪನೆ ಅಂದೆ.

“ಕಾರಕೂನರ, ನಮ್ಮ ಊರಾಗ ಕಾರಿಲ್ಲ, ಅದು ನಮಗೂ ಗೊತ್ತೈತಿ,” ಅಂದರು ಅವರು, ಬಹಳ ಸಮಾಧಾನದಿಂದ. “ಆದ್ರ ಗಂಡ ಹೊಡದ ಅಂತ ಈ ಬುಕ್ಕಿನಾಗ ಎಲ್ಲೂ ಇಲ್ಲ. ಕೈಬಟ್ಟು ಇಕೀದು ಖರೇ ಅಂತೀರಿ, ಬಾಗಲಾ ಸುಳ್ಳು ಅಂತೀರಿ, ಕಡೀ ಹಾಳಿ ಇನ್ನೊಬ್ರದು ಅಂತೀರಿ. ಫೋಟೋ ನಿಮ್ಮದ ಹೌದಲ್ರಿ?”

ಹೌದು ಅಂದೆ.

ಪಂಚರು ಕೆಟ್ಟವರೆಂದು ನಾನು ಹೇಳಲಾರೆ. ಅಚ್ಚಾದದ್ದು ಸುಳ್ಳಿರುವುದಿಲ್ಲವೆಂದು ಅವರಿಗೆ ಕಲಿಸಿದವರು ನಾವೇ. ಪಂಚಾಂಗ, ಪಹಣಿ, ಶಾಲೆಯ ಪುಸ್ತಕ, ಎಲ್ಲವೂ ಅಚ್ಚೇ. ಚಿಕ್ಕೋಡಿಯ ವಕೀಲರು ಪಂಚರ ಮಾತಿಗೆ ಕಾನೂನಿನ ಬಲವಿಲ್ಲ ಅನ್ನುತ್ತಾರೆ. ಸರಿ, ಆದರೆ ಸತ್ತೆವ್ವನ ಅಣ್ಣ ಜುಗೂಳದ ಪಕ್ಕದಲ್ಲೇ ಬದುಕಬೇಕು. ಕೋರ್ಟಿಗೆ ಹೋದರೆ ತಂಗಿಯ ಕೈ ಬಿಡುವೆನೆಂದು ಅವನು ಈಗಾಗಲೇ ಹೇಳಿಕಳಿಸಿದ್ದಾನೆ. ಪುಸ್ತಕ ಸುಳ್ಳೆಂದು ಪಂಚರಿಗೆ ತೋರಿಸಿಕೊಟ್ಟರೆ ಅವನೂ ತಂಗಿಯ ಪರ ನಿಲ್ಲುತ್ತಾನೆ.

ಬರುವಾಗ ಬಸ್ಸಿನಲ್ಲಿ ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ಚಿಕ್ಕೋಡಿ ದಾಟಿದ ಮೇಲೆ ಸತ್ತೆವ್ವ ಕಿಟಕಿಯ ಕಡೆ ಮುಖ ಇಟ್ಟುಕೊಂಡೇ ಹೇಳಿದಳು:

“ನನಗ ಓದಾಕ ಬರೂದಿಲ್ಲ, ಅದಕ್ಕ ನಿಮಗ ಹೇಳಿದ್ನಿ. ಒಂದ ಮಾತು ಬೇಡಿದ್ನಿ ಅಣ್ಣಾರ. ಈ ಸಲ ಮೈಸೂರ ಬ್ಯಾಡ್ರಿ. ನನ್ನ ಹೆಸರ ಹಾಕ್ರಿ, ಅವನ ಹೆಸರ ಹಾಕ್ರಿ. ಅಚ್ಚ ಹಾಕಸ್ರಿ. ಕೈಲೆ ಬರದದ್ದು ಅವ್ರು ನಂಬೂದಿಲ್ಲ.”

ಈಗ ಹೇಳಿ, ಮಾನ್ಯರೇ. ಓದುಗರ ನೆಮ್ಮದಿಗಾಗಿ ನೀವು ಕೊನೆಯನ್ನು ಬದಲಿಸಿದಿರಿ. ಯಾವ ಓದುಗರು? ಭೀಮಸಿಗೆ ನೆಮ್ಮದಿಯಾಗಿದೆ, ಅದನ್ನು ಒಪ್ಪುತ್ತೇನೆ. ರಾಯಬಾಗದ ನನ್ನ ಗೆಳೆಯ ಶ್ರೀಪಾಲ ನಿಮ್ಮಂಥವರಿಗಾಗಿ ಮೂರು ಕಾದಂಬರಿ ಬರೆದಿದ್ದಾನೆ, ಮೂರರಲ್ಲೂ ಈಜುಕೊಳವಿದೆ. ಅವನು ಈಜು ಕಲಿತದ್ದು ಕಬ್ಬಿನ ಹೊಲದ ಬಾವಿಯಲ್ಲಿ, ಆ ಬಾವಿಯ ಬಗ್ಗೆ ಅವನು ಬಾಯಲ್ಲಿ ಹೇಳುವ ಕಥೆಗಳಿಗೆ ನಾವು ಚಹಾ ಆರಿಸಿಕೊಂಡು ಕೂತಿರುತ್ತೇವೆ. ಬರೆಯಪ್ಪಾ ಅಂದರೆ, ಬಾವಿ ಯಾರಿಗೆ ಬೇಕು ಅನ್ನುತ್ತಾನೆ. ಹೀಗೆ ಬೇಕು ಹೀಗೆ ಬೇಕು ಎಂದು ನೀವು ಬೇಡುತ್ತ ಹೋದಂತೆ, ನಮಗೆ ಬೇಕಾದದ್ದು ಯಾವುದೆಂಬುದೇ ನಮಗೆ ಮರೆಯುತ್ತದೆ. ಬರೆಯುವವನು ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆಯುತ್ತಾನೆ, ಓದುವವಳು ತನ್ನ ಬದುಕು ಪುಸ್ತಕಕ್ಕೆ ತಕ್ಕದ್ದಲ್ಲವೆಂದು ನಂಬುತ್ತಾಳೆ. ನಡುವೆ ಹನ್ನೆರಡು ಫಾರಂ ಮಾತ್ರ ಸರಿಯಾಗಿ ತುಂಬಿರುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಎರಡನೆಯ ಮುದ್ರಣವನ್ನು ನಿಲ್ಲಿಸಿ. ನನ್ನ ಹಸ್ತಪ್ರತಿಯ ಕೊನೆಯ ಅಧ್ಯಾಯ ನಿಮ್ಮ ಬಳಿಯೇ ಇದೆ. ಅದನ್ನು ಬೇರೆಯಾಗಿ ಒಂದು ಫಾರಂ ಅಚ್ಚು ಹಾಕಿ, ಪುಸ್ತಕದ ಕೊನೆಯ ಹದಿನಾಲ್ಕು ಪುಟ ಲೇಖಕನದಲ್ಲವೆಂದು ಮೇಲೆ ನಿಮ್ಮ ಸಂಸ್ಥೆಯ ಹೆಸರಿನಲ್ಲಿ ನಮೂದಿಸಿ, ಪುಸ್ತಕ ಹೋದಲ್ಲಿಗೆಲ್ಲ ಕಳುಹಿಸಿ. ಮೊದಲ ಪ್ರತಿ ಜುಗೂಳಕ್ಕೆ, ಯುಗಾದಿಯ ಮೊದಲು. ಇದು ಒಂದು ದಿನದ ಕೆಲಸ. ನಿಮಗೆ ಇದು ಮರ್ಯಾದೆಯ ಪ್ರಶ್ನೆಯಾದರೆ, ಆ ಬಾಗಿಲಿನ ಸುಳ್ಳು ನನ್ನದೆಂದು ಅದರಲ್ಲೇ ಸೇರಿಸಿ, ನಾನು ಸಹಿ ಹಾಕಿ ಕೊಡುತ್ತೇನೆ. ಮುಂದಿನ ಭಾಗ ನನ್ನಿಂದ ಬರುವುದಿಲ್ಲ.

ನಿಮ್ಮ ಉತ್ತರಕ್ಕಾಗಿ ಕಾಯುವಷ್ಟು ದಿನಗಳು ಸತ್ತೆವ್ವನ ಹತ್ತಿರ ಇಲ್ಲ. ಈ ವಾರಪತ್ರಿಕೆ ಅಥಣಿಗೂ ಹೋಗುತ್ತದೆ, ಜುಗೂಳದ ಹತ್ತಿರದ ಐನಾಪುರಕ್ಕೂ ಹೋಗುತ್ತದೆ. ಸಂಪಾದಕರು ಜಾಗ ಕೊಟ್ಟಿದ್ದಾರೆ. ನೀವು ತೆಗೆದುಹಾಕಿದ ಅಧ್ಯಾಯದ ಕೊನೆಯ ಭಾಗ ಇಲ್ಲಿದೆ, ಮೈಸೂರು ತೆಗೆದಿದ್ದೇನೆ, ಹೆಸರುಗಳು ಅವಳು ಹೇಳಿದಂತೆ:

ಭೀಮಸಿ ಶೆಡ್ಡಿನ ಬಾಗಿಲಲ್ಲಿ ಹೊಸ ಸೀರೆಯ ಗಂಟು ಹಿಡಿದು ನಿಂತ. ಯಾರೂ ಕೈ ನಿಲ್ಲಿಸಲಿಲ್ಲ. ಅವನ ಕೊಡಲಿಯ ಕಾವು ತಾಗಿ ಸೆಟೆದ ಎರಡು ಬೆರಳನ್ನು ಹಾಗೇ ಚಾಚಿಕೊಂಡು ಸತ್ತೆವ್ವ ಉಳಿದ ಬೆರಳುಗಳಲ್ಲಿ ಎಲೆ ಸುತ್ತುತ್ತಿದ್ದಳು. ನಡಿ ಹೋಗೋಣ ಅಂದ ಅವನು. ಅವಳು ಕೈಯಲ್ಲಿದ್ದ ಬೀಡಿಯ ತುದಿ ಮಡಚಿ, ದಾರ ಸುತ್ತಿ, ಮೊರದಲ್ಲಿಟ್ಟು, ಆಮೇಲೆ ತಲೆಯೆತ್ತಿದಳು. “ಬಸ್ಸು ಐದಕ್ಕ ಐತಿ,” ಅಂದಳು. “ಅದು ತಪ್ಪಿದ್ರ ನಾಳಿಗೇ.” ಭೀಮಸಿ ಐದರ ಬಸ್ಸಿಗೆ ಹೋದ. ಸತ್ತೆವ್ವ ಹೋಗಲಿಲ್ಲ. ಮಗಳೂ ಹೋಗಲಿಲ್ಲ.

ತಾತ್ಯಾಸಾಹೇಬರೇ, ಅಚ್ಚಾಗಿದೆ. ಓದಿಸಿಕೊಳ್ಳಿ.

ಇಂತಿ,
ಕೊಟ್ಟ ಮಾತನ್ನು ತಡವಾಗಿ ಬರೆದ,
ವಿರುಪಾಕ್ಷಪ್ಪ, ಬೀಡಿ ಬ್ರಾಂಚಿನ ಕಾರಕೂನ
ನಿಪ್ಪಾಣಿ, ಮಾರ್ಚ್ ೧೯೮೯