ಅಕ್ಕನಾಗಮ್ಮನ ಹದಿನಾಲ್ಕು ತಿಂಗಳು

ಪಾರ್ವತಿನಗರ, ಬಳ್ಳಾರಿ
೧೭ ಜನವರಿ ೨೦೧೦, ಭಾನುವಾರ

ಪ್ರೀತಿಯ ಆಫ್ರೀನ್,

ಸುಹಾನಾಳ ಕೆಮ್ಮು ಹೇಗಿದೆ? ಸಿರುಗುಪ್ಪದ ಡಾಕ್ಟರು ಕೊಟ್ಟ ಔಷಧಿ ಪೂರ್ತಿ ಕುಡಿಸಿದೆಯೋ, ಮಗು ಅತ್ತಿತೆಂದು ಅರ್ಧಕ್ಕೇ ಬಿಟ್ಟೆಯೋ? ನಿಮ್ಮಮ್ಮ ಮೊಣಕಾಲು ಹಿಡಿದುಕೊಂಡೇ ಓಡಾಡುತ್ತಾಳೆ, ನನಗೇನೂ ಇಲ್ಲ ಅನ್ನುತ್ತಾಳೆ. ಆರು ದಿನದಿಂದ ನಿನ್ನ ಫೋನು ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಅದಕ್ಕೇ ಕಾಗದ.

ಕಳೆದ ಸೋಮವಾರ, ಜನವರಿ ಹನ್ನೊಂದರಂದು, ಬಾದನಹಟ್ಟಿ ರಸ್ತೆಯ ಅದಿರು ಲಾರಿಗಳ ಪಟ್ಟಿಯನ್ನು ಅಳಿಸಲಾಯಿತು. ಹದಿನಾಲ್ಕು ತಿಂಗಳ ಪಟ್ಟಿ. ತಾನಾಗಿ ಹಾಳಾದದ್ದಲ್ಲ, ಅಳಿಸಿದ್ದು. ಬೆಳಿಗ್ಗೆ ಹತ್ತಕ್ಕೆ ಸೈಬರ್ ಕೆಫೆಯಲ್ಲಿ ಕೂತು ವಾರದ ನಂಬರುಗಳನ್ನು ಏರಿಸಲು ಹೋದೆ. ಇಂಥ ವಿಳಾಸದಲ್ಲಿ ಯಾವ ಸರ್ವರೂ ಇಲ್ಲ ಎಂದು ಬಂತು. ಡೈರಿಯಲ್ಲಿ ನೀನು ಬರೆಸಿದ್ದ ಆಜ್ಞೆಗಳನ್ನೆಲ್ಲ ಒತ್ತಿದೆ. ಏಳಿಸೋಣವೆಂದರೆ ಮಲಗಿದವರೇ ಅಲ್ಲಿರಲಿಲ್ಲ.

ನಾನು ಕುರುಗೋಡಿನ ಲೈಬ್ರರಿಗೆ ಸೇರಿದ ಎಪ್ಪತ್ತೇಳನೇ ಇಸವಿಯಲ್ಲಿ ಆ ರಸ್ತೆಯಲ್ಲಿ ಹತ್ತಿ ಗಾಡಿ ಬಿಟ್ಟರೆ ಬಸ್ಸು, ಅಷ್ಟೇ. ಎರಡು ಸಾವಿರದ ಎಂಟರ ಏಪ್ರಿಲ್‌ನಲ್ಲಿ ಅದೇ ರಸ್ತೆಯಲ್ಲಿ, ಹಾಡುಹಗಲು, ಅದಿರು ತುಂಬಿದ ಲಾರಿ ಅಕ್ಕನಾಗಮ್ಮನ ಗಂಡ ಕೊಟ್ಟೂರಪ್ಪನನ್ನು ಸೈಕಲ್ ಸಮೇತ ಹೊಸಕಿ ನಿಲ್ಲದೆ ಹೋಯಿತು. ಕೇಸಿನ ಕಾಗದದಲ್ಲಿ ಬರೆದದ್ದು ನನಗೆ ಬಾಯಿಪಾಠ: ‘ಸದರಿ ರಸ್ತೆಯಲ್ಲಿ ಅದಿರು ಲಾರಿಗಳ ಸಂಚಾರ ಇರುವುದಿಲ್ಲ.’ ಅದನ್ನು ಓದಿ ಹೇಳಿದಾಗ ಆಕೆ ಅಳಲಿಲ್ಲ. ‘ಹಂಗಾರ ನಮ್ಮ ಮನಿ ಮುಂದ ಹೋಗೋವು ಏನು ಸಾಬಣ್ಣ, ದೆವ್ವನಾ?’ ಅಂದಳು. ಮರುದಿನದಿಂದ ಕಟ್ಟೆಯ ಮೇಲೆ ಕೂತು, ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದೊಂದೇ ಲಾರಿಯ ನಂಬರು ಬರೆಯತೊಡಗಿದಳು. ಇಂಗ್ಲಿಷ್ ಅಕ್ಷರ ಬಾರದು. ರಂಗೋಲಿ ನೋಡಿ ಇಳಿಸಿಕೊಂಡಂತೆ ಬರೆಯುತ್ತಿದ್ದಳು. ಮೊದಲ ಕಟ್ಟನ್ನು ಗಣಿ ಇಲಾಖೆಯ ಕಚೇರಿಗೆ ಕೊಟ್ಟೆವು. ಕಳೆದುಹೋಯಿತು ಎಂದರು.

ಎಲ್ಲರಿಗೂ ಕಾಣುವ ಕಡೆ ಇಡೋಣ ಎಂದವಳು ನೀನು. ಇಂಟರ್ನೆಟ್ಟಿನ ಬಿಟ್ಟಿ ಜಾಗದಲ್ಲಿ ಇಟ್ಟರೆ ಹೆಸರಿಲ್ಲದ ದೂರು ಹೋಗಿ ಎರಡು ಸಲ ಮುಚ್ಚಿದರು. ಆ ವರ್ಷ ರಂಜಾನ್ ಹಬ್ಬಕ್ಕೆ ಬಂದವಳು ಮೂರು ಮಧ್ಯಾಹ್ನ ಕೂತು ವಿಪಿಎಸ್ ಕೊಡುವ ಕಂಪನಿಗಳನ್ನು ಸೋಸಿದೆ. ಒಂದು ದೊಡ್ಡ ಕಂಪ್ಯೂಟರನ್ನು ವಠಾರದ ಹಾಗೆ ಪಾಲು ಮಾಡಿ ಬಾಡಿಗೆಗೆ ಬಿಡುತ್ತಾರೆ, ಪ್ರತಿ ಮನೆಗೂ ಬೇರೆ ಬೀಗ, ನೀರಿನ ಮೋಟರು ಮಾತ್ರ ಒಂದೇ ಎಂದು ತಿಳಿಸಿಕೊಟ್ಟೆ. ತೀರಾ ಅಗ್ಗದವನು ಹತ್ತು ಮನೆಯ ಜಾಗದಲ್ಲಿ ಮೂವತ್ತು ಮನೆ ತುಂಬಿರುತ್ತಾನೆಂದು ಒಂದನ್ನು ಬಿಟ್ಟೆ. ಇನ್ನೊಂದು ಕಂಪನಿ ಹುಟ್ಟಿ ಮೂರೇ ತಿಂಗಳು. ‘ಇವ್ರು ಯಾವತ್ತು ಕದ ಹಾಕ್ಕೊಂಡು ಹೋಗ್ತಾರೋ ಹೇಳಾಕ ಬರಂಗಿಲ್ಲ ಅಬ್ಬಾ’ ಅಂದೆ. ಮೂರನೆಯದು ತಿಂಗಳಿಗೆ ಆರು ಡಾಲರು, ಇನ್ನೂರೈವತ್ತಾರು ಎಂಬಿ ಮೆಮೊರಿ. ನಮ್ಮ ಬ್ಯಾಂಕಿನ ಕಾರ್ಡು ಅಲ್ಲಿ ನಡೆಯಲಿಲ್ಲ. ಅಳಿಯಂದಿರ ಕಾರ್ಡು ಕೊಟ್ಟು ನೀನೇ ಖಾತೆಯನ್ನು ನಿನ್ನ ಹೆಸರಿನಲ್ಲಿ ತೆರೆದೆ. ಸರ್ವರ್ ನಿಂತಾಗ ನಾನು ತಪ್ಪು ಒತ್ತಿ ಫೋನು ಮಾಡಿದರೆ, ‘ಲೈಬ್ರರ್ಯಾಗ ಮಂದಿಗೆ ಸುಮ್ನ ಕೂಡ್ರಿ ಅಂತಿದ್ರಲ್ಲ, ಈಗ ನಿಮ್ಮ ಬೆರಳಿಗೂ ಹಂಗ ಹೇಳ್ರಿ’ ಎಂದು ನಗುತ್ತಿದ್ದೆ.

ಇನ್ನೆರಡು ಡಾಲರು ಕೊಟ್ಟರೆ ಬೇರೆ ಊರಿನ ಯಂತ್ರದಲ್ಲಿ ಇನ್ನೊಂದು ಪ್ರತಿ ಇರುತ್ತದೆ ಎಂದು ನೀನು ಹೇಳಿದ್ದೆ. ಬೇಡವೆಂದವನು ನಾನು. ಗೆದ್ದಲು ತಿಂದ ರಿಜಿಸ್ಟರುಗಳನ್ನು ಬದುಕಿಡೀ ಕಂಡವನು, ಒಂದು ಪುಸ್ತಕಕ್ಕೆ ಎರಡು ಕಪಾಟು ಯಾಕೆ ಎಂದುಬಿಟ್ಟೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಕ್ಕನಾಗಮ್ಮನ ಮನೆಯಲ್ಲಿ ಚೀಟಿಗಳ ಗೋಣಿ ತುಂಬಿದಾಗ, ಕಂಪ್ಯೂಟರಿಗೆ ಸೇರಿದ ಮೇಲೆ ಇವು ಯಾಕಮ್ಮ ಎಂದೆ. ಅಂದಿನಿಂದ ನಾನು ಏರಿಸಿದ ಚೀಟಿಗಳನ್ನು ಆಕೆ ವಾರ ವಾರವೂ ಒಲೆಗೆ ಹಾಕುತ್ತ ಬಂದಳು. ‘ನಾ ಸತ್ರೂ ಅದು ಸಾಯಂಗಿಲ್ಲಲ್ಲ ಸಾಬಣ್ಣ?’ ಎಂದು ಒಮ್ಮೆ ಕೇಳಿದ್ದಳು. ಇಲ್ಲವೆಂದೆ.

ಇದೇ ಇಪ್ಪತ್ತೈದರ ಸೋಮವಾರ ಅದಿರು ಸಾಗಣೆಯ ತನಿಖೆಯವರು ಬಾದನಹಟ್ಟಿ ಶಾಲೆಯ ಅಂಗಳದಲ್ಲಿ ಊರವರ ಮಾತು ಕೇಳುತ್ತಾರೆ. ಆಕೆಯ ಕೈಯಲ್ಲಿ ಈಗ ಉಳಿದದ್ದು ಹೋದ ವಾರದ ಎರಡು ಹಾಳೆ. ಸುದ್ದಿ ಹೇಳಲು ಹೋದಾಗ ಆ ಎರಡನ್ನೂ ಕುಪ್ಪಸದೊಳಗೆ ಸೇರಿಸಿಕೊಂಡಳು. ನನ್ನ ಕೈಗೆ ಕೊಡಲಿಲ್ಲ.

ಸುಹಾನಾಳಿಗೆ ನಮ್ಮಿಬ್ಬರ ಮುತ್ತು. ಅಳಿಯಂದಿರಿಗೆ, ನಿಮ್ಮ ಅತ್ತೆಯವರಿಗೆ ಸಲಾಂ. ಅಲ್ಲಾಹನು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಬ್ಬಾ,
ಗೌಸಸಾಬ್

ತಾ.ಕ.: ಮೇಲಿನದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಇದನ್ನು ಓದಿಲ್ಲ. ಕಂಪನಿಯ ಉತ್ತರ ಗುರುವಾರವೇ ಬಂತು. ಖಾತೆದಾರರೇ ಒಳಗೆ ಬಂದು ರದ್ದು ಮಾಡಿದರು, ಡಿಸ್ಕ್ ಅಳಿಸಿ ಜಾಗವನ್ನು ಬೇರೆಯವರಿಗೆ ಕೊಟ್ಟಾಯಿತು ಎಂದು ಬರೆದಿದ್ದಾರೆ. ನಿಮ್ಮ ಮನೆಯ ಲಾರಿಗಳು ಭತ್ತ ಬಿಟ್ಟು ಅದಿರು ಹೊರತೊಡಗಿದ್ದು ನನಗೆ ಗೊತ್ತು. ನಿನ್ನ ಗಂಡ ಸಲಾವುದ್ದೀನನ ಲಾರಿಯ ನಂಬರು ಆಕೆಯ ಚೀಟಿಗಳಲ್ಲಿ ನಲವತ್ತೊಂದು ಸಲ ಇತ್ತು. ನಲವತ್ತೊಂದು ಸಲವೂ ನಾನೇ ಏರಿಸಿದೆ, ನಿನ್ನನ್ನು ಒಂದು ಮಾತು ಕೇಳಲಿಲ್ಲ. ಅದೂ ನನ್ನ ತಪ್ಪು. ಈಗ ಕೇಳುತ್ತಿದ್ದೇನೆ. ಕಾಗದದಲ್ಲಿ ಉತ್ತರ ಬೇಡ, ಫೋನಿನಲ್ಲೂ ಬೇಡ. ಇಪ್ಪತ್ತೈದರ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಾಲೆಯ ಅಂಗಳಕ್ಕೆ ಬಾ. ಚೀಟಿ ಸುಡಲು ಹೇಳಿದವನು ನಾನೆಂದು ಎಲ್ಲರ ಮುಂದೆ ಮೊದಲು ನಾನು ಹೇಳುತ್ತೇನೆ. ಆಮೇಲೆ ನಿನ್ನ ಹೆಸರು ಕರೆಯುತ್ತೇನೆ. ರದ್ದು ಮಾಡಿದ್ದು ನೀನೋ, ನಿನ್ನ ಪಾಸ್‌ವರ್ಡ್ ಇಸಿದುಕೊಂಡು ಅವನೋ? ಅಕ್ಕನಾಗಮ್ಮ ಎದುರಿಗೇ ಕೂತಿರುತ್ತಾಳೆ. ಆಕೆಗೆ ಕೇಳಿಸುವ ಹಾಗೆ ಹೇಳು.