ನೀರು ಬಿದ್ದ ನೀಲಿ ಬಂಡೆ

ಸಮಸ್ತ ಕಲ್ಲುಧೂಳಿನ ಒಡೆಯನಾಗಿದ್ದ ಅಪ್ಪನ ಸನ್ನಿಧಿಗೆ,

ನಿನ್ನ ತರಲೆ ಮಗ ಅರಿಕೆ ಮಾಡಿಕೊಳ್ಳುವುದೇನೆಂದರೆ, ನೀನು ಕಣ್ಣು ಮುಚ್ಚುವ ಮುನ್ನ ಗುಡ್ಡದಿಂದ ಬಿಡಿಸಿಟ್ಟ ನೀಲಿ ಬಂಡೆಯನ್ನು ನೋಡಲು ಇಂದು ವ್ಯಾಪಾರಿಯೊಬ್ಬರು ದಿನವಿಡೀ ಮಣ್ಣುದಾರಿಯಲ್ಲಿ ಕುಲುಕಾಡಿಕೊಂಡು ಬಂದಿದ್ದರು. ಅವರು ಬೇಡವೆಂದರೆ ಒಡೆದು ಜಲ್ಲಿ ಮಾಡುವುದೆಂದು ಚಿಕ್ಕಪ್ಪ ಆಗಲೇ ತೀರ್ಮಾನಿಸಿದ್ದ. ಈಗ ಗಣಿಗೆ ಅವನೇ ಮೇಸ್ತ್ರಿ.

ಧೂಳು ಹೊದ್ದ ಬಂಡೆ ಬೂದಿಗುಡ್ಡೆಯಂತಿತ್ತು. "ಇದ್ರಲ್ಲಿ ನೀಲಿ ಎಲ್ರೀ ಇದೆ?" ಎಂದು ಅವರು ಮುಖ ತಿರುಗಿಸಿದರು.

ನಾನು ಪರಮ ಗಾಂಭೀರ್ಯದಿಂದ ಒಂದು ಬಕೆಟ್ ನೀರು ಎತ್ತಿ ಬಂಡೆಯ ಮೇಲೆ ಸುರಿದೆ. ಅರ್ಧ ಅವರ ಬೂಟುಗಳ ಪಾಲಾಯಿತು.

"ಲೋ ಕೋತಿ!" ಎಂದು ಕೈ ಎತ್ತಿದ ಚಿಕ್ಕಪ್ಪ ಹಾಗೇ ನಿಂತ. ಬೂದಿಯೊಳಗಿಂದ ಕಡುನೀಲಿ ಎದ್ದು ಬಂತು, ಅದರ ತುಂಬ ಬೆಳ್ಳಿಯ ಚುಕ್ಕಿ. ಇಂಥ ಕಲ್ಲು ಬೇರೆಲ್ಲೂ ಸಿಗದೆಂದು ನೀನು ಕೊಚ್ಚಿಕೊಳ್ಳುತ್ತಿದ್ದುದು ಸುಳ್ಳಲ್ಲ. ಅಷ್ಟು ದೊಡ್ಡ ಬಂಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

"ಇಷ್ಟು ಚೆನ್ನಾಗಿ ಬಿಡ್ಸಿರೋದು ಯಾರು?" ಎಂದು ವ್ಯಾಪಾರಿ ಒದ್ದೆ ಬೂಟಿನಲ್ಲೇ ನಿಂತು ಕೇಳಿದರು.

"ನಮ್ಮಣ್ಣ," ಎಂದ ಚಿಕ್ಕಪ್ಪ. ನೀವಿಬ್ಬರು ಜಗಳವಾಡಿ ಮಾತು ಬಿಟ್ಟ ಮೇಲೆ 'ಅಣ್ಣ' ಎಂಬ ಪದ ಅವನ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ವ್ಯಾಪಾರ ಕುದುರಿ ಅವರು ಹೊರಟರು. ಬಂಡೆ ಅಂಚಿನಿಂದ ಒಣಗಿ ಮತ್ತೆ ಬೂದಿಯಾಗತೊಡಗಿತು. ಈಗ ಬೈಗುಳ ಬರುವುದೆಂದು ನಾನು ತಲೆ ತಗ್ಗಿಸಿ ನಿಂತೆ. ಚಿಕ್ಕಪ್ಪ ಬಂಡೆಯಿಂದ ಕಣ್ಣು ತೆಗೆಯದೆ, "ಇನ್ನೊಂದು ಬಕೆಟ್ ತಾರೋ," ಎಂದ.