ಅಪ್ಪ ಪಾಸಾದ ಟೆಸ್ಟು

ಅಮ್ಮಾ,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಹಾಸ್ಟೆಲಿನಿಂದ ಕಾಗದ ಬರಿ ಬರಿ ಅಂತ ನೀನು ಹೇಳುತ್ತಿದ್ದೆ, ಆಗ ನಾನು ಬರೆಯಲಿಲ್ಲ.

ಇವತ್ತು ಅಪ್ಪನನ್ನು ಆಸ್ಪತ್ರೆಗೆ ಕರೆತಂದೆ. ಮರೆವಿನ ಕಾಯಿಲೆಯನ್ನು ಶುರುವಿನಲ್ಲೇ ಪತ್ತೆಹಚ್ಚುವ ಕಂಪ್ಯೂಟರ್ ಟೆಸ್ಟ್ ಇತ್ತು. ಒಂದೊಂದೇ ಚಿತ್ರ ಬರುತ್ತದೆ. ಮೊದಲೇ ನೋಡಿದ್ದಾದರೆ ಹಸಿರು ಬಟನ್, ಹೊಸದಾದರೆ ಕೆಂಪು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಬೆರಳುಗಳು ಎರಡರ ನಡುವೆ ತಡಕಾಡುತ್ತಿದ್ದವು. ಟೆಕ್ನಿಷಿಯನ್ ಫೋನ್ ಬಂತೆಂದು ಹೊರಗೆ ಹೋದರು.

"ಪುಟ್ಟೀ, ಈ ಛತ್ರಿ ಆಗ್ಲೇ ಬಂದಿತ್ತಾ?" ಅಪ್ಪ ಪಿಸುಗುಟ್ಟಿದರು.

ನನಗೆ ಪ್ಯಾನಿಕ್ ಆಯಿತು. "ನಾನು ನಿಮ್ ಕಾಲು ತುಳಿದ್ರೆ ಹಸಿರು ಒತ್ತಿ, ಇಲ್ದಿದ್ರೆ ಕೆಂಪು" ಅಂದೆ. ಹಾಸ್ಟೆಲಿನ ಎಕ್ಸಾಮುಗಳಲ್ಲಿ ಫ್ರೆಂಡ್ಸಿಗೆ ಮಾಡುತ್ತಿದ್ದಂತೆ ಕೊನೆಯವರೆಗೂ ಹಳೆಯ ಚಿತ್ರ ಬಂದಾಗಲೆಲ್ಲ ತುಳಿದೆ.

ಡಾಕ್ಟರ್ ರಿಪೋರ್ಟ್ ನೋಡಿ, "ವಯಸ್ಸಿಗೆ ನಾರ್ಮಲ್. ಮುಂದಿನ ವರ್ಷ ಬನ್ನಿ, ಸಾಕು" ಎಂದರು.

ಕಾರಿಡಾರಿನಲ್ಲಿ ಅಪ್ಪ ಎದೆಯುಬ್ಬಿಸಿ ನಡೆದರು. "ನೋಡಿದ್ಯಾ? ಸುಮ್ನೆ ಹೆದರಿಸ್ಬಿಟ್ರಿ ಎಲ್ರೂ. ಅಮ್ಮಂಗೆ ಫೋನ್ ಮಾಡಿ ಹೇಳು, ಪಾಸಾದೆ ಅಂತ."

ಅವರನ್ನು ಎಳೆದುಕೊಂಡೇ ವಾಪಸ್ ಓಡಿದೆ. ಡಾಕ್ಟರ್ ರೂಮಿಗೆ ಬೀಗ ಬಿದ್ದಿತ್ತು. ಊಟಕ್ಕೆ ಹೋಗಿದ್ದಾರೆ, ಮೂರಕ್ಕೆ ಬರುತ್ತಾರೆ ಎಂದರು ನರ್ಸ್.

ಹೇಗೆ ಹೇಳಲಿ ಅಮ್ಮಾ? ಆ ಮಾರ್ಕ್ಸ್ ನನ್ನದು ಅಂತ ಅಪ್ಪನ ಎದುರಿಗೇ ಹೇಳಲಾ? ಹೇಳದಿದ್ದರೆ ಔಷಧಿ ಶುರುಮಾಡಬಹುದಾದ ಒಂದು ವರ್ಷ ಸುಮ್ಮನೆ ಕಳೆದುಹೋಗುತ್ತದೆ. ಎರಡೂ ಆಗುತ್ತಿಲ್ಲ ನನ್ನ ಕೈಲಿ.

ಬೆಂಚಿನ ಮೇಲೆ ಕೂತು ಫೋನಿನಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಅಪ್ಪ ಪಕ್ಕದಿಂದ ಬಗ್ಗಿ ನೋಡುತ್ತಾ ಮೂರನೇ ಸಲ ಕೇಳುತ್ತಿದ್ದಾರೆ: "ಅಮ್ಮ ಫೋನ್ ಎತ್ತಿದ್ಲಾ?"